ಗೃಹ ಚಲನಚಿತ್ರ ಕ್ಯಾಮೆರಾದಲ್ಲಿ ಧ್ವನಿಮುದ್ರಣ: ಒಂದು ಐತಿಹಾಸಿಕ ಅವಲೋಕನ

ಪೀಠಿಕೆ

ತೀರ್ಥಂಕರ ಪರಮದೇವರ ಸಮವಸರಣದಲ್ಲಿ ಹೊಮ್ಮಿದ ದಿವ್ಯಧ್ವನಿಯನ್ನು ದೇವ, ಮಾನವ, ತಿರ್ಯಂಚ ಜೀವಿಗಳೆಲ್ಲವೂ ತಮ್ಮ ತಮ್ಮ ಭಾಷೆಗಳಲ್ಲಿಯೇ ಅರಿತುಕೊಂಡವೆಂದು ಜೈನ ಪರಂಪರೆ ಹೇಳುತ್ತದೆ. ಆ ಧ್ವನಿಯನ್ನು ಗಣಧರರು ಗ್ರಹಿಸಿ ದ್ವಾದಶಾಂಗಗಳಾಗಿ ಗ್ರಥಿಸಿದರು. ಕೇಳಿದುದೇ ಶಾಸ್ತ್ರವಾದುದರಿಂದ ಅದಕ್ಕೆ ‘ಶ್ರುತ’ವೆಂದು ಹೆಸರಾಯಿತು. ಕಾಲಕ್ರಮದಲ್ಲಿ ಶ್ರುತಧಾರಕರ ಸ್ಮರಣಶಕ್ತಿ ಕುಂದುತ್ತ ಬಂದುದನ್ನು ಕಂಡು ಕಳವಳಗೊಂಡ ಧರಸೇನಾಚಾರ್ಯರು ಗಿರಿನಗರದ ಚಂದ್ರಗುಹೆಯಲ್ಲಿ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಉಪದೇಶವಿತ್ತರು. ಅದರ ಫಲವಾಗಿ ಷಟ್ಖಂಡಾಗಮವು ಗ್ರಂಥರೂಪವನ್ನು ತಾಳಿತು. ಆ ಗ್ರಂಥವು ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯೇ ಶ್ರುತಪಂಚಮಿ. ಕಿವಿಯಿಂದ ಕಿವಿಗೆ ಬಂದುದು ಕಳೆದುಹೋಗುವ ಮುನ್ನ ಅದನ್ನು ಒಂದು ಆಧಾರದ ಮೇಲೆ ನಿಲ್ಲಿಸಬೇಕೆಂಬ ಎಚ್ಚರ ಈ ಸಮಾಜಕ್ಕೆ ಹೊಸದಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅದೇ ಎಚ್ಚರ ಮತ್ತೊಂದು ರೂಪದಲ್ಲಿ ಅಗತ್ಯವಾಯಿತು. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಚಲನಚಿತ್ರ ಕ್ಯಾಮೆರಾಗಳು ಬಂದ ಮೇಲೆ, ಅನುಕೂಲವಿದ್ದ ಮನೆಗಳವರು ಮದುವೆ, ತೀರ್ಥಯಾತ್ರೆ, ಉತ್ಸವಗಳನ್ನು ತಾವೇ ಚಿತ್ರಿಸತೊಡಗಿದರು. ಇಂಥ ಕ್ಯಾಮೆರಾಗಳಿಗೆ ರೂಪವನ್ನು ಹಿಡಿಯುವುದು ಸುಲಭವಾಗಿತ್ತು. ಧ್ವನಿಯನ್ನು ಹಿಡಿಯುವುದು ಬಹುಕಾಲ ಅಸಾಧ್ಯವಾಗಿತ್ತು, ಅನಂತರವೂ ಕಷ್ಟಸಾಧ್ಯವಾಗಿಯೇ ಉಳಿಯಿತು. ಆದಕಾರಣ ಮಹೋತ್ಸವಗಳ ಚಿತ್ರಗಳಲ್ಲಿ ಬಹುಭಾಗ ಮೂಕವಾಗಿವೆ, ಧ್ವನಿಯುಳ್ಳವು ಬೇಗನೆ ಕೆಡುವ ಸ್ಥಿತಿಯಲ್ಲಿವೆ. ಆ ಧ್ವನಿಯನ್ನು ಹೇಗೆ ಹಿಡಿಯಲಾಯಿತು, ಅದು ಏಕೆ ಜಾರಿಹೋಗುತ್ತಿದೆ, ಇನ್ನೂ ಉಳಿಸಬಹುದಾದುದು ಏನು ಎಂಬುದನ್ನು ತಿಳಿಯುವುದು ಪ್ರತಿಷ್ಠಾ ಮಹೋತ್ಸವದ ಸಂದರ್ಭದಲ್ಲಿ ಅಪ್ರಸ್ತುತವಾಗಲಾರದು.

ಶಬ್ದವೂ ಪುದ್ಗಲವೂ

ನ್ಯಾಯ ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದು ಎಣಿಸಿದರು. ಜೈನಾಚಾರ್ಯರು ಇದನ್ನು ಒಪ್ಪಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಶಬ್ದವು ಪುದ್ಗಲದ ಪರ್ಯಾಯಗಳ ಸಾಲಿನಲ್ಲಿ ಸೇರಿದೆ. ಶಬ್ದಕ್ಕೆ ತಡೆಯುಂಟು, ಪ್ರತಿಧ್ವನಿಯುಂಟು, ಒಂದು ಶಬ್ದವು ಇನ್ನೊಂದನ್ನು ಅಡಗಿಸಬಲ್ಲದು. ಅಂತಹುದು ಅಮೂರ್ತವಾಗಿರಲಾರದೆಂಬುದು ಅವರ ವಾದ. ಈ ಸಿದ್ಧಾಂತಕ್ಕೆ ಯಂತ್ರದ ಸಮರ್ಥನೆಯೇನೂ ಬೇಕಾಗಿಲ್ಲ. ಆದರೆ ಧ್ವನಿಯನ್ನು ಒಂದು ವಸ್ತುವಿನ ಮೇಲೆ ಗುರುತಾಗಿ ಮೂಡಿಸಿ, ಅದೇ ಗುರುತಿನಿಂದ ಮರಳಿ ಧ್ವನಿಯನ್ನು ಹೊರಡಿಸಬಹುದೆಂದು 1877ರಲ್ಲಿ ಎಡಿಸನ್ ಮಹಾಶಯನ ಫೋನೋಗ್ರಾಫ್ ತೋರಿಸಿಕೊಟ್ಟಾಗ, ಈ ಪರಂಪರೆಯಲ್ಲಿ ಬೆಳೆದವರಿಗೆ ಆ ಮಾತು ತೀರ ಅಪರಿಚಿತವಾಗಿ ಕೇಳಿಸಬೇಕಾದುದಿರಲಿಲ್ಲ.

ಚಿತ್ರವೊಂದೆಡೆ, ಧ್ವನಿಯೊಂದೆಡೆ

ಚಿತ್ರ ಮತ್ತು ಧ್ವನಿಗಳನ್ನು ಒಟ್ಟುಗೂಡಿಸುವ ಯತ್ನ ಚಲನಚಿತ್ರದಷ್ಟೇ ಹಳೆಯದು. ಎಡಿಸನ್ನನ ಪ್ರಯೋಗಶಾಲೆಯಲ್ಲಿ ವಿಲಿಯಂ ಡಿಕ್ಸನ್ ಎಂಬಾತನು 1894-95ರ ಸುಮಾರಿಗೆ ತಾನು ಪಿಟೀಲು ನುಡಿಸುತ್ತಿರುವುದನ್ನು ಫಿಲ್ಮಿನ ಮೇಲೆಯೂ ಅದರ ನಾದವನ್ನು ಮೇಣದ ಕೊಳವೆಯ ಮೇಲೆಯೂ ಮುದ್ರಿಸಿದನು. ಫಿಲ್ಮ್ ಒಂದು ಕಡೆ ಉಳಿಯಿತು, ಕೊಳವೆ ಮತ್ತೊಂದು ಕಡೆ ಒಡೆದು ಬಿದ್ದಿತ್ತು. ಒಡೆದ ಕೊಳವೆಯನ್ನು 1998ರಲ್ಲಿ ದುರಸ್ತಿ ಮಾಡಿಸಿ ನುಡಿಸಲಾಯಿತು. 2000ದಲ್ಲಿ ವಾಲ್ಟರ್ ಮರ್ಚ್ ಎಂಬ ಸಂಕಲನಕಾರನು ಅದನ್ನು ಚಿತ್ರದೊಡನೆ ಹೊಂದಿಸಿದನು. ಒಂದು ನಿಮಿಷವೂ ತುಂಬದ ಆ ಚಿತ್ರ ತನ್ನ ನಾದವನ್ನು ಪಡೆಯಲು ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು. ಎರಡೂ ತುಂಡುಗಳನ್ನು ಯಾರೋ ಎಸೆಯದೆ ಇಟ್ಟಿದ್ದುದರಿಂದ ಮಾತ್ರ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ತೆರೆಕಂಡಿತು. ಅರ್ದೇಶಿರ್ ಇರಾನಿಯವರು ಬಳಸಿದುದು ‘ತನಾರ್’ ಎಂಬ ಯಂತ್ರ. ಅದರಲ್ಲಿ ಚಿತ್ರವೂ ಧ್ವನಿಯೂ ಒಂದೇ ಫಿಲ್ಮಿನ ಮೇಲೆ ಏಕಕಾಲದಲ್ಲಿ ಮೂಡುತ್ತಿದ್ದವು. ಹತ್ತಿರದಲ್ಲಿಯೇ ರೈಲುಮಾರ್ಗವಿದ್ದುದರಿಂದ ಹಗಲಿನ ಗದ್ದಲ ತಪ್ಪಿಸಲು ರಾತ್ರಿಯ ಹೊತ್ತು ಚಿತ್ರೀಕರಣ ನಡೆಸಿ, ಮೈಕುಗಳನ್ನು ಕಣ್ಣಿಗೆ ಬೀಳದಂತೆ ಅಡಗಿಸಿಡಬೇಕಾಯಿತು. ಅದಾದ ಮೂರು ವರ್ಷಗಳಲ್ಲಿ, 1934ರ ಮಾರ್ಚ್ 3ರಂದು, ಕೊಲ್ಲಾಪುರದಲ್ಲಿ ತಯಾರಾದ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ಪ್ರದರ್ಶನಗೊಂಡು, ಬೆಳ್ಳಿತೆರೆಯಿಂದ ಕನ್ನಡದ ಮಾತು ಕೇಳಿಸಿತು. ದೊಡ್ಡ ಸಂಸ್ಥೆಗಳು ಬೇಗನೆ ಧ್ವನಿಯನ್ನು ಬೇರೆ ಯಂತ್ರದಲ್ಲಿ ಮುದ್ರಿಸಿ ಆಮೇಲೆ ಜೋಡಿಸುವ ಕ್ರಮಕ್ಕೆ ತಿರುಗಿದವು. ಚಿತ್ರ ಧ್ವನಿಗಳೆರಡನ್ನೂ ಒಂದೇ ಪಟ್ಟಿಯ ಮೇಲೆ ಹಿಡಿಯುವ ‘ತನಾರ್’ ಮಾದರಿಯ ಸರಳ ಕ್ರಮ ನಲವತ್ತು ವರ್ಷಗಳ ಬಳಿಕ ಮನೆಯ ಕ್ಯಾಮೆರಾದಲ್ಲಿ ಮತ್ತೆ ಕಾಣಿಸಿಕೊಂಡಿತು.

ಕನ್ನಡನಾಡಿನಲ್ಲಿ ಒಂದು ಪೂರ್ವೋದಾಹರಣೆ

ನಡುವಿನ ಕಾಲದಲ್ಲಿ ಸಣ್ಣ ಕ್ಯಾಮೆರಾವನ್ನೂ ಧ್ವನಿಯಂತ್ರವನ್ನೂ ಜೊತೆಗಿಟ್ಟುಕೊಂಡು ದಕ್ಷಿಣಭಾರತವನ್ನು ಸುತ್ತಿದವರಲ್ಲಿ ಹಾಲೆಂಡಿನ ಸಂಗೀತಶಾಸ್ತ್ರಜ್ಞ ಅರ್ನಾಲ್ಡ್ ಬಾಕೆ (1899-1963) ಸ್ಮರಣೀಯನು. ಆತನು 1938ರಲ್ಲಿ ಇಂದಿನ ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಸೇರಿದ ಪ್ರದೇಶಗಳಲ್ಲಿ ಸಂಗೀತ, ನೃತ್ಯ, ಆರಾಧನಾ ವಿಧಿಗಳನ್ನು ದಾಖಲಿಸಿದನು. ಕ್ಯಾಮೆರಾ 16 ಮಿಲಿಮೀಟರಿನ ಮೂಕ ಕ್ಯಾಮೆರಾ. ಧ್ವನಿಗೆ ಪ್ರತ್ಯೇಕ ಯಂತ್ರ. ಚಿತ್ರದ ಸುರುಳಿಗಳೂ ಧ್ವನಿಯ ಸುರುಳಿಗಳೂ ಬೇರೆ ಬೇರೆಯಾಗಿಯೇ ಉಳಿದವು.

ಸುಮಾರು ಅರ್ಧ ಶತಮಾನದ ಮೇಲೆ, 1984ರಲ್ಲಿ, ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಎಂಬ ವಿದ್ವಾಂಸ ದಂಪತಿಗಳು ಬಾಕೆಯ ಜಾಡನ್ನೇ ಹಿಡಿದು ಅದೇ ಮೂರು ರಾಜ್ಯಗಳಲ್ಲಿ ಸಂಚರಿಸಿ, ಅಂದಿನ ಕಲಾವಿದರನ್ನೂ ಅವರ ವಂಶಜರನ್ನೂ ಹುಡುಕಿ, ಉಳಿದುದೇನು, ಬದಲಾದುದೇನು ಎಂಬುದನ್ನು ಪರಿಶೀಲಿಸಿದರು. ಈ ಮರುಶೋಧನೆಯ ಫಲ 1991ರಲ್ಲಿ ಪ್ರಕಟವಾಯಿತು. ಅವರು ಅನುಸರಿಸಿದ ಮಾರ್ಗವೇ ಇಲ್ಲಿ ಮುಖ್ಯ. ಹಳೆಯ ಚಿತ್ರದಲ್ಲಿರುವವರು ಯಾರು, ಧ್ವನಿ ಯಾರದು, ಹಾಡು ಯಾವ ವಿಧಿಗೆ ಸಂಬಂಧಿಸಿದುದು ಎಂಬುದನ್ನು ಯಂತ್ರ ಹೇಳಲಾರದು. ಆ ಊರಿನ, ಆ ಮನೆತನದ ಜನರೇ ಹೇಳಬೇಕು. ಅಂತಹ ಜನರು ಇರುವ ತನಕ ಮಾತ್ರ ಚಿತ್ರಕ್ಕೂ ಧ್ವನಿಗೂ ಇರುವ ಸಂಬಂಧ ಜೀವಂತವಾಗಿರುತ್ತದೆ.

ಮನೆಗೆ ಬಂದ ಕ್ಯಾಮೆರಾ

ಫ್ರಾನ್ಸಿನ ಪಾಥೆ ಸಂಸ್ಥೆ 1922ರಲ್ಲಿ 9.5 ಮಿಲಿಮೀಟರಿನ ಫಿಲ್ಮನ್ನೂ ಅಮೆರಿಕದ ಕೊಡಾಕ್ ಸಂಸ್ಥೆ 1923ರಲ್ಲಿ 16 ಮಿಲಿಮೀಟರಿನ ಫಿಲ್ಮನ್ನೂ ಗೃಹಬಳಕೆಗಾಗಿ ಹೊರತಂದವು. 1932ರಲ್ಲಿ 8 ಮಿಲಿಮೀಟರಿನ ಅಗ್ಗದ ಫಿಲ್ಮ್ ಬಂದಿತು. 1965ರಲ್ಲಿ ಬಂದ ‘ಸೂಪರ್ 8’ ಫಿಲ್ಮು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಅಡಗಿದ್ದು, ಡಬ್ಬಿಯನ್ನು ಕ್ಯಾಮೆರಾದೊಳಗೆ ಸಿಕ್ಕಿಸಿದರೆ ಸಾಕಾಗುತ್ತಿತ್ತು. ಕತ್ತಲೆಯಲ್ಲಿ ಫಿಲ್ಮ್ ಪೋಣಿಸುವ ತೊಡಕು ತಪ್ಪಿತು. ಆದರೆ ಇವೆಲ್ಲವೂ ಮೂಕವೇ ಆಗಿದ್ದವು.

8 ಮಿಲಿಮೀಟರಿನ ಫಿಲ್ಮಿನ ಮೇಲೆ ಚಿತ್ರದ ಜೊತೆಗೇ ಧ್ವನಿಯನ್ನು ಮುದ್ರಿಸುವ ಮೊದಲ ಕ್ಯಾಮೆರಾ 1960ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆಯಿಂದ ಬಂದಿತಾದರೂ ಅದು ಹೆಚ್ಚು ಬಳಕೆಗೆ ಬರಲಿಲ್ಲ. 1973ರಲ್ಲಿ ಕೊಡಾಕ್ ಸಂಸ್ಥೆ ‘ಎಕ್ಟಾಸೌಂಡ್’ ಎಂಬ ಹೆಸರಿನ ಕ್ಯಾಮೆರಾಗಳನ್ನೂ ಅವುಗಳಿಗೆ ಬೇಕಾದ ಧ್ವನಿ ಫಿಲ್ಮಿನ ಡಬ್ಬಿಯನ್ನೂ ಬಿಡುಗಡೆ ಮಾಡಿದ ಮೇಲೆಯೇ ಈ ಕ್ರಮ ಜನಪ್ರಿಯವಾಯಿತು. ಅದೇ 1973ರಲ್ಲಿ, ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು ಧರ್ಮಸ್ಥಳಕ್ಕೆ ಸಾಗಿಸಲಾಯಿತು. 1982ರಲ್ಲಿ ಅದರ ಪ್ರತಿಷ್ಠೆ ನೆರವೇರಿತು. ಮನೆಯ ಕ್ಯಾಮೆರಾ ಮಾತು ಕಲಿತ ಕಾಲವೂ ಕರ್ನಾಟಕದ ಜೈನಸಮಾಜ ಮಹೋತ್ಸವಗಳನ್ನು ಕಂಡ ಕಾಲವೂ ಒಂದೇ ಆಗಿತ್ತು.

ಹದಿನೆಂಟು ಚೌಕಟ್ಟುಗಳ ಅಂತರ

ಧ್ವನಿ ಫಿಲ್ಮಿನ ಅಂಚಿನಲ್ಲಿ ಕಂದುಬಣ್ಣದ ಒಂದು ಕಾಂತೀಯ ಪಟ್ಟಿಯನ್ನು ಲೇಪಿಸಿರುತ್ತಿತ್ತು. ಟೇಪ್ ರೆಕಾರ್ಡರಿನ ಟೇಪಿನ ಮೇಲಿರುವ ಲೇಪದಂತಹುದೇ ಇದು. ಅಗಲ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಸುರುಳಿ ಸುತ್ತಿದಾಗ ಒಂದು ಅಂಚು ದಪ್ಪವಾಗಿ ವಾಲಬಾರದೆಂದು ಇನ್ನೊಂದು ಅಂಚಿಗೂ ಸಣ್ಣದೊಂದು ಸಮತೋಲನ ಪಟ್ಟಿಯಿರುತ್ತಿತ್ತು.

ಇಲ್ಲಿ ಒಂದು ಮೂಲಭೂತ ವಿರೋಧವುಂಟು. ಚಿತ್ರ ಮೂಡಬೇಕಾದರೆ ಫಿಲ್ಮು ಮಸೂರದ ಹಿಂದೆ ಒಂದು ಕ್ಷಣ ನಿಶ್ಚಲವಾಗಿ ನಿಲ್ಲಬೇಕು. ಕ್ಯಾಮೆರಾದ ಉಗುರು ಸೆಕೆಂಡಿಗೆ 18 ಅಥವಾ 24 ಬಾರಿ ಅದನ್ನು ಎಳೆದು ನಿಲ್ಲಿಸುತ್ತದೆ. ಧ್ವನಿ ಮೂಡಬೇಕಾದರೆ ಫಿಲ್ಮು ಎಲ್ಲಿಯೂ ನಿಲ್ಲದೆ ಸಮವೇಗದಲ್ಲಿ ಹರಿಯಬೇಕು; ತುಸು ಅದುರಿದರೂ ಸ್ವರ ನಡುಗುತ್ತದೆ. ನಿಲ್ಲುವುದು ಮತ್ತು ಹರಿಯುವುದು ಒಂದೇ ಎಡೆಯಲ್ಲಿ ನಡೆಯಲಾರವಾದುದರಿಂದ, ಫಿಲ್ಮು ಮಸೂರವನ್ನು ದಾಟಿ, ಸಡಿಲವಾದ ಬಳುಕಿನಲ್ಲಿ ತನ್ನ ಕುಲುಕಾಟವನ್ನು ಕಳೆದುಕೊಂಡು, ಅಲ್ಲಿಂದ ಮುಂದಿರುವ ಧ್ವನಿಮುದ್ರಕವನ್ನು ಮುಟ್ಟುವಂತೆ ಏರ್ಪಡಿಸಲಾಯಿತು. ಸೂಪರ್ 8 ಕ್ಯಾಮೆರಾದಲ್ಲಿ ಈ ದೂರ ಸರಿಯಾಗಿ 18 ಚೌಕಟ್ಟುಗಳು. ಅದಕ್ಕಾಗಿಯೇ ಧ್ವನಿ ಫಿಲ್ಮಿನ ಡಬ್ಬಿ ಮೂಕ ಫಿಲ್ಮಿನ ಡಬ್ಬಿಗಿಂತ ಎತ್ತರವಾಗಿತ್ತು. ಮೂಕ ಡಬ್ಬಿಯನ್ನು ಧ್ವನಿ ಕ್ಯಾಮೆರಾದಲ್ಲಿ ಬಳಸಬಹುದಿತ್ತು. ಧ್ವನಿ ಡಬ್ಬಿ ಮೂಕ ಕ್ಯಾಮೆರಾದೊಳಗೆ ಹಿಡಿಸುತ್ತಿರಲಿಲ್ಲ.

ಫಿಲ್ಮಿನ ಮೇಲೆ ಒಂದು ಚಿತ್ರವಿರುವ ಸ್ಥಳದಲ್ಲಿ ಅದರ ಧ್ವನಿ ಇರುವುದಿಲ್ಲ. ಸೆಕೆಂಡಿಗೆ 18 ಚೌಕಟ್ಟುಗಳ ವೇಗದಲ್ಲಿ ಧ್ವನಿಯು ಚಿತ್ರದಿಂದ ಒಂದು ಸೆಕೆಂಡಿನಷ್ಟು ದೂರದಲ್ಲಿ, 24ರ ವೇಗದಲ್ಲಿ ಮುಕ್ಕಾಲು ಸೆಕೆಂಡಿನಷ್ಟು ದೂರದಲ್ಲಿ ಮುದ್ರಿತವಾಗಿರುತ್ತದೆ. ಪ್ರೊಜೆಕ್ಟರಿನಲ್ಲಿಯೂ ಇದೇ ಅಂತರವಿರುವುದರಿಂದ ತೆರೆಯ ಮೇಲೆ ಎರಡೂ ಮತ್ತೆ ಕೂಡುತ್ತವೆ. ಆದರೆ ಫಿಲ್ಮನ್ನು ಚಿತ್ರ ನೋಡಿ ಕತ್ತರಿಸಿದವರು ತಿಳಿಯದೆಯೇ ಮಾತಿನ ಆರಂಭವನ್ನು ಕತ್ತರಿಸಿಬಿಡುತ್ತಿದ್ದರು. ಹಳೆಯ ಸುರುಳಿಗಳಲ್ಲಿ ಮಂತ್ರದ ಮೊದಲ ಅಕ್ಷರಗಳು ಕಾಣೆಯಾಗಿ ಮುಂದಿನ ದೃಶ್ಯದ ಆರಂಭದಲ್ಲಿ ಹಿಂದಿನ ವಾದ್ಯ ಕೇಳಿಸಿದರೆ ಅದಕ್ಕೆ ಕಾರಣ ಇದು.

ಇತರ ತೊಡಕುಗಳೂ ಇದ್ದವು. ಒಂದು ಡಬ್ಬಿಯಲ್ಲಿ 50 ಅಡಿ ಫಿಲ್ಮು, ಎಂದರೆ 3600 ಚೌಕಟ್ಟುಗಳು. 18ರ ವೇಗದಲ್ಲಿ ಅದು 3 ನಿಮಿಷ 20 ಸೆಕೆಂಡುಗಳಲ್ಲಿಯೂ 24ರ ವೇಗದಲ್ಲಿ ಎರಡೂವರೆ ನಿಮಿಷಗಳಲ್ಲಿಯೂ ಮುಗಿಯುತ್ತಿತ್ತು. ಒಂದು ಗಂಟೆಯ ಪ್ರವಚನವನ್ನು ಪೂರ್ತಿಯಾಗಿ ಹಿಡಿಯಲು ಕ್ರಮವಾಗಿ 18 ಅಥವಾ 24 ಡಬ್ಬಿಗಳು ಬೇಕು. ವಿದೇಶೀ ವಸ್ತುಗಳ ಆಮದಿಗೆ ಬಿಗಿಯಾದ ನಿರ್ಬಂಧಗಳಿದ್ದ ಆ ದಿನಗಳಲ್ಲಿ ಇದು ಬಹುತೇಕ ಮನೆಗಳವರ ಅಳವಿಗೆ ಮೀರಿದುದು. ಆದಕಾರಣ ಚಿತ್ರಕಾರನು ಆರಿಸಿಕೊಳ್ಳಬೇಕಾಗಿತ್ತು. ಆರಿಸದೆ ಬಿಟ್ಟ ಮಾತು ಅಲ್ಲಿಗೇ ಹೋಯಿತು.

ಕ್ಯಾಮೆರಾದ ಮೋಟಾರಿನ ಗರಗರ ಸದ್ದು ಮೈಕಿಗೆ ತಗುಲುತ್ತಿತ್ತು. ತಂತಿಯ ತುದಿಯಲ್ಲಿ ಮೈಕನ್ನು ದೂರ ಒಯ್ದರೆ ಮಾತ್ರ ಅದು ತಗ್ಗುತ್ತಿತ್ತು. ಬಹುಪಾಲು ಕ್ಯಾಮೆರಾಗಳಲ್ಲಿ ಧ್ವನಿಯ ಮಟ್ಟವನ್ನು ಯಂತ್ರವೇ ಹೊಂದಿಸಿಕೊಳ್ಳುವ ಏರ್ಪಾಡಿತ್ತು. ಡೋಲು, ಜಾಗಟೆಗಳು ಮೊಳಗಿದೊಡನೆ ಅದು ಮಟ್ಟವನ್ನು ಕುಗ್ಗಿಸುತ್ತಿತ್ತು, ವಾದ್ಯ ನಿಂತು ಸಭೆ ಮೌನವಾದಾಗ ಮಟ್ಟವನ್ನು ಏರಿಸುತ್ತಿತ್ತು. ಹೀಗೆ ಮೌನದ ಎಡೆಯಲ್ಲಿ ಹಿಸ್ಸೆಂಬ ಸದ್ದು ತುಂಬಿಕೊಳ್ಳುತ್ತಿತ್ತು. ಶಬ್ದಕ್ಕೂ ತನ್ನದೇ ನಡಿಗೆಯುಂಟು. ಅದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ಶ್ರವಣಬೆಳಗೊಳದ 58 ಅಡಿಯ ಗೊಮ್ಮಟಮೂರ್ತಿಯ ಶಿರದ ಬಳಿಯ ಧ್ವನಿ ಪಾದದ ಬಳಿ ನಿಂತವನನ್ನು ತಲಪುವುದರೊಳಗೆ ಕ್ಯಾಮೆರಾದಲ್ಲಿ ಸುಮಾರು ಒಂದು ಚೌಕಟ್ಟು ಸರಿದಿರುತ್ತದೆ. ಇನ್ನೂ ದೂರದಿಂದ, ದೂರದರ್ಶಕ ಮಸೂರದಲ್ಲಿ ನೋಡುವವನಿಗೆ ಕಲಶ ಬಾಗಿದ ಮೇಲೆಯೇ ಜಯಘೋಷ ಕೇಳಿಸುತ್ತದೆ.

ಧ್ವನಿ ಕ್ಯಾಮೆರಾ ಇಲ್ಲದವರಿಗೆ ಇನ್ನೆರಡು ದಾರಿಗಳಿದ್ದವು. ಮೂಕ ಚಿತ್ರವನ್ನು ಸಂಸ್ಕರಿಸಿದ ಮೇಲೆ ಅಂಚಿಗೆ ಕಾಂತೀಯ ಪಟ್ಟಿಯನ್ನು ಹಚ್ಚಿಸಿ, ಧ್ವನಿಮುದ್ರಣ ಸೌಲಭ್ಯವುಳ್ಳ ಪ್ರೊಜೆಕ್ಟರಿನಲ್ಲಿ ಮಾತು, ಸಂಗೀತಗಳನ್ನು ಸೇರಿಸುವುದು ಒಂದು. ಉತ್ಸವದ ಹೊತ್ತಿನಲ್ಲಿಯೇ ಟೇಪ್ ರೆಕಾರ್ಡರಿನಲ್ಲಿ ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸಿಕೊಂಡು ಪ್ರದರ್ಶನದ ವೇಳೆ ಒಟ್ಟಿಗೆ ನಡೆಸುವುದು ಇನ್ನೊಂದು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ ಬಂದ ಮೇಲೆ ಎರಡನೆಯ ದಾರಿ ಸುಲಭವಾಯಿತು. ಆದರೆ ಯಂತ್ರಗಳ ವೇಗದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಒಂದು ಡಬ್ಬಿ ಮುಗಿಯುವುದರೊಳಗೆ ಚಿತ್ರಕ್ಕೂ ಧ್ವನಿಗೂ ಎರಡು ಸೆಕೆಂಡುಗಳ ಅಂತರ ಬೀಳುತ್ತದೆ. ವೃತ್ತಿಪರರು ಸ್ಫಟಿಕ ನಿಯಂತ್ರಿತ ಮೋಟಾರುಗಳಿಂದ ಇದನ್ನು ಪರಿಹರಿಸಿಕೊಂಡರು. ಮನೆಯವರು ಅಂತರವನ್ನು ಸಹಿಸಿಕೊಂಡರು.

ಮಹೋತ್ಸವಗಳ ಧ್ವನಿ

ಶ್ರವಣಬೆಳಗೊಳದಲ್ಲಿ ಇಪ್ಪತ್ತನೆಯ ಶತಮಾನದ ಮಹಾಮಸ್ತಕಾಭಿಷೇಕಗಳು 1910, 1925, 1940, 1953, 1967, 1981, 1993ರಲ್ಲಿ ನಡೆದವು. ಈ ಪಟ್ಟಿಯನ್ನು ಮೇಲಿನ ಇತಿಹಾಸದೊಡನೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. 1967ರ ಉತ್ಸವದ ವೇಳೆಗೆ ಸೂಪರ್ 8 ಬಂದು ಎರಡು ವರ್ಷಗಳಷ್ಟೇ ಆಗಿದ್ದವು, ಅದೂ ಮೂಕ. 1993ರ ವೇಳೆಗೆ ವಿಡಿಯೋ ಕ್ಯಾಮೆರಾ ಆ ಸ್ಥಾನವನ್ನು ಆಕ್ರಮಿಸಿಯಾಗಿತ್ತು. ಗೃಹ ಧ್ವನಿ ಕ್ಯಾಮೆರಾದ ಇಡೀ ಆಯುಷ್ಯದಲ್ಲಿ ಅದಕ್ಕೆ ದೊರೆತ ಮಹಾಮಸ್ತಕಾಭಿಷೇಕ 1981ರದೊಂದೇ. ಅದು ಮೂರ್ತಿಪ್ರತಿಷ್ಠೆಯ ಸಹಸ್ರಾಬ್ದಿಯ ಉತ್ಸವವೂ ಆಗಿತ್ತು. ಅದು ಜರುಗಿದುದು ಫೆಬ್ರವರಿಯಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು ಆ ವರ್ಷದ ಕೊನೆಯಲ್ಲಿ. ಆಕಾಶವಾಣಿಯೂ ವಾರ್ತಾಚಿತ್ರಗಳೂ ತಮ್ಮ ಕೆಲಸ ಮಾಡಿದವೆಂಬುದು ನಿಜ. ಆದರೆ ವಾರ್ತಾಚಿತ್ರಗಳಲ್ಲಿ ಸ್ಥಳದ ಧ್ವನಿಗಿಂತ ನಿರೂಪಕನ ಮಾತೇ ಮುಂದಾಗಿರುತ್ತಿತ್ತು. ಬೆಟ್ಟವೇರುವ ಮುದುಕಿಯರ ಸೋಬಾನೆ, ಊರಿನ ಪುರೋಹಿತರು ಹೇಳುವ ಅಷ್ಟವಿಧಾರ್ಚನೆಯ ಧಾಟಿ, ಕಲಶದ ಸರದಿ ಬಂದಾಗ ಮನೆಯವರನ್ನು ಹೆಸರು ಹಿಡಿದು ಕೂಗುವ ದನಿ, ಇವು ದೊಡ್ಡ ಸಂಸ್ಥೆಗಳ ದಾಖಲೆಗೆ ಸಿಗುವಂಥವಲ್ಲ. ಸಿಕ್ಕಿದ್ದರೆ ಮನೆಯ ಕ್ಯಾಮೆರಾಗೆ, ಮನೆಯ ಟೇಪಿಗೆ ಸಿಕ್ಕಿರಬೇಕು.

1981ರ ಉತ್ಸವಕ್ಕೆ ಮಾರ್ಗದರ್ಶನವಿತ್ತ, ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಜನಿಸಿದ ವಿದ್ಯಾನಂದ ಮುನಿಮಹಾರಾಜರು 2019ರಲ್ಲಿ ಸಮಾಧಿಸ್ಥರಾದರು. 1981, 1993, 2006, 2018ರ ನಾಲ್ಕು ಮಹಾಮಸ್ತಕಾಭಿಷೇಕಗಳನ್ನು ನಡೆಸಿಕೊಟ್ಟ ಶ್ರವಣಬೆಳಗೊಳದ ಸ್ವಸ್ತಿಶ್ರೀ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು 2023ರ ಮಾರ್ಚ್ 23ರಂದು ಇಹವನ್ನು ಅಗಲಿದರು. ಇಂತಹ ಮಹನೀಯರ ಪ್ರಸಿದ್ಧ ಪ್ರವಚನಗಳು ಹೇಗೋ ಉಳಿದುಬರುತ್ತವೆ. ಒಂದು ಸಣ್ಣ ಬಸದಿಯ ಅಂಗಳದಲ್ಲಿ ನಾಲ್ಕು ಮನೆಯವರೆದುರು ಆಡಿದ ಮಾತು ಉಳಿಯುವುದು ದುರ್ಲಭ.

ಹಾಗೆಂದು ಎಲ್ಲವೂ ಮುದ್ರಿಸತಕ್ಕದ್ದೇ ಎಂದು ಭಾವಿಸಲಾಗದು. ಪಂಚಕಲ್ಯಾಣ ವಿಧಿಯಲ್ಲಿ ಬಿಂಬಕ್ಕೆ ಸೂರಿಮಂತ್ರವನ್ನು ಕೊಡುವಂತಹ ಗೋಪ್ಯ ಕ್ರಿಯೆಗಳು ಯಂತ್ರದ ಕಿವಿಗೆ ಸಲ್ಲವು. ಶ್ವೇತಾಂಬರ ಸ್ಥಾನಕವಾಸಿ ಪರಂಪರೆಯಲ್ಲಿ ಧ್ವನಿವರ್ಧಕವನ್ನೇ ಬಳಸದ ಸಾಧುಗಳುಂಟು. ಇನ್ನೊಂದು ಸತ್ಯವನ್ನೂ ಇಲ್ಲಿ ಮರೆಮಾಚಬಾರದು. ಫಿಲ್ಮಿನ ಮೇಲಿನ ಬೆಳಕುಗ್ರಾಹಿ ಲೇಪಕ್ಕೆ ಬಳಸುವ ಜೆಲಾಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದದ್ದು. ಅಹಿಂಸೆಯ ಉತ್ಸವವನ್ನು ಚಿತ್ರಿಸಿದವರಲ್ಲಿ ಅನೇಕರಿಗೆ ಇದು ತಿಳಿದಿರಲಾರದು. ಹೊಸ ಫಿಲ್ಮನ್ನು ಕೊಳ್ಳುವ ವಿಚಾರದಲ್ಲಿ ಶ್ರಾವಕರು ಇದನ್ನು ವಿವೇಚಿಸುವುದು ಯುಕ್ತ. ಆಗಲೇ ಮೂಡಿರುವ ಚಿತ್ರವನ್ನು ಹಾಳಾಗಲು ಬಿಡುವುದರಿಂದ ಆ ಹಿಂಸೆ ಕಡಿಮೆಯಾಗದು.

ಅಳಿವಿನ ಕಾರಣಗಳು

ಮನೆಯ ಫಿಲ್ಮುಗಳಲ್ಲಿ ಬಹುಪಾಲು ಅಸಿಟೇಟ್ ತಳದವು. ಸೆಕೆ, ತೇವಗಳಲ್ಲಿ ಅಸಿಟೇಟ್ ಕೊಳೆಯತೊಡಗಿ ಹುಳಿಯಾದ ವಿನೆಗರ್ ವಾಸನೆ ಬರುತ್ತದೆ, ಫಿಲ್ಮು ಕುಗ್ಗಿ ಮುರುಟುತ್ತದೆ. ಕಾಂತೀಯ ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡು ಈ ಕ್ರಿಯೆಯನ್ನು ಮತ್ತಷ್ಟು ತ್ವರಿತಗೊಳಿಸುತ್ತದೆ. ಧ್ವನಿಯನ್ನು ಹೊತ್ತ ಪಟ್ಟಿಯೇ ಫಿಲ್ಮಿನ ಆಯುಷ್ಯವನ್ನು ಕುಗ್ಗಿಸುತ್ತದೆಂದಾಯಿತು. ಮೂಕ ಸುರುಳಿಗಿಂತ ಧ್ವನಿ ಸುರುಳಿಗೆ ಹೆಚ್ಚು ಅವಸರದ ಆರೈಕೆ ಬೇಕು.

ಕೊಡಾಕ್ ಸಂಸ್ಥೆ 1997ರಲ್ಲಿ ಧ್ವನಿ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸಿತು. ಗೃಹಚಿತ್ರಗಳ ಅಚ್ಚುಮೆಚ್ಚಿನ ಕೊಡಾಕ್ರೋಮ್ ಫಿಲ್ಮನ್ನು ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯ 2010ರ ಡಿಸೆಂಬರಿನಲ್ಲಿ ಆ ಕೆಲಸವನ್ನು ಮುಗಿಸಿತು. 2023ರಲ್ಲಿ ಅದೇ ಸಂಸ್ಥೆ ಹೊಸದೊಂದು ಸೂಪರ್ 8 ಕ್ಯಾಮೆರಾವನ್ನು ಹೊರತಂದಿತಾದರೂ, ಅದರಲ್ಲಿ ಧ್ವನಿಯು ಫಿಲ್ಮಿನ ಮೇಲೆ ಮೂಡದೆ ಪ್ರತ್ಯೇಕವಾದ ಮೆಮೊರಿ ಕಾರ್ಡಿನ ಮೇಲೆ ಮೂಡುತ್ತದೆ. ಚಿತ್ರವೊಂದೆಡೆ, ಧ್ವನಿಯೊಂದೆಡೆ ಎಂಬ ಡಿಕ್ಸನ್ನನ ಸ್ಥಿತಿಗೇ ಇತಿಹಾಸ ಮರಳಿತು.

ವಿಜಯನಗರದ ಕರ್ತವ್ಯ

ಬೆಂಗಳೂರಿನ ಪಶ್ಚಿಮಭಾಗದ ವಿಜಯನಗರಕ್ಕೆ ಮಹಾಸಾಮ್ರಾಜ್ಯವೊಂದರ ಹೆಸರು. ಆ ಸಾಮ್ರಾಜ್ಯದ ಬುಕ್ಕರಾಯನು 1368ರಲ್ಲಿ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ ವಿವಾದವನ್ನು ಪರಿಹರಿಸಿದನು. ಆ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ವಿಜಯನಗರದ ಪಕ್ಕದಲ್ಲಿಯೇ ಸಾಗುವ ಮಾಗಡಿ ರಸ್ತೆಯನ್ನು ಹಿಡಿದು ಹೋದರೆ ಸಿಗುವ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಅದರ ಪ್ರತಿಯುಂಟು. ಅಂದು ಅರಸನು ಆಡಿದ ಮಾತಿನ ಧ್ವನಿ ಉಳಿಯಲಿಲ್ಲ. ಆದರೆ ಮಾತನ್ನು ಎರಡು ಊರುಗಳಲ್ಲಿ ಕಲ್ಲಿಗೆ ಇಳಿಸಿದುದರಿಂದ ಅರ್ಥ ಉಳಿಯಿತು. ದಾಖಲೆಯನ್ನು ಒಂದೇ ಕಡೆ ಇಡಬಾರದೆಂಬ ವಿವೇಕ ಈ ನಾಡಿನಲ್ಲಿ ಆರೂವರೆ ಶತಮಾನಗಳಷ್ಟು ಹಳೆಯದು. ಮೂಡಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಮಾತ್ರ ಉಳಿದುಬಂದಿದ್ದ ಧವಲಾ ಸಿದ್ಧಾಂತ ಗ್ರಂಥವು ಪ್ರತಿಯಾಗಿ ಹೊರಬಂದು 1939ರಿಂದ ಮುದ್ರಣಗೊಂಡುದೂ ಇದೇ ವಿವೇಕದ ಫಲ.

ಊರುಗಳಿಂದ ಬಂದು ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ನೆಲೆಸಿದ ಮನೆಗಳಲ್ಲಿ ಹಿರಿಯರ ಬೀರುವಿನ ಮೇಲ್ತಟ್ಟಿನಲ್ಲಿ ಫಿಲ್ಮಿನ ಡಬ್ಬಿಯೋ ಹಳೆಯ ಟೇಪಿನ ಸುರುಳಿಯೋ ಇದ್ದರೆ, ಅದರ ವಿಷಯದಲ್ಲಿ ಕೆಲವು ಮಾತುಗಳು ನೆನಪಿನಲ್ಲಿರಬೇಕು. ಡಬ್ಬಿಯನ್ನು ತಂಪಾದ, ಒಣಗಿದ, ಗಾಳಿಯಾಡುವ ಎಡೆಯಲ್ಲಿಡಬೇಕು; ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬಾರದು; ಧ್ವನಿವರ್ಧಕ, ಅಯಸ್ಕಾಂತಗಳ ಬಳಿ ಇಡಬಾರದು. ಹುಳಿ ವಾಸನೆ ಬರುವ ಸುರುಳಿಯನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಉತ್ಸಾಹದಿಂದ ಹಳೆಯ ಪ್ರೊಜೆಕ್ಟರಿಗೆ ಏರಿಸಬಾರದು: ಕುಗ್ಗಿದ ಫಿಲ್ಮು ಹರಿಯುತ್ತದೆ, ಮುದ್ರಣದ ಗುಂಡಿಯನ್ನು ತಪ್ಪಿ ಒತ್ತಿದರೆ ಇದ್ದ ಧ್ವನಿಯೂ ಅಳಿಸಿಹೋಗುತ್ತದೆ. ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ಪ್ರತಿತೆಗೆಯುವ ಅನುಭವಿಗಳಿಗೆ ಒಪ್ಪಿಸುವಾಗ ಅಂಚಿನ ಕಂದು ಪಟ್ಟಿಯನ್ನು ತೋರಿಸಿ, ಧ್ವನಿಯನ್ನೂ ತೆಗೆಯುವಂತೆ ಕೇಳಬೇಕು. ಕೇಳದಿದ್ದರೆ ಚಿತ್ರವೊಂದೇ ಮರಳಿ ಬರುವ ಸಂಭವವುಂಟು. ಪ್ರತಿ ತೆಗೆದ ಮೇಲೂ ಮೂಲವನ್ನು ಎಸೆಯಬಾರದು. ಪ್ರತಿಗಳು ಎರಡಾದರೂ ಇದ್ದು, ಎರಡು ಬೇರೆ ಸ್ಥಳಗಳಲ್ಲಿರಬೇಕು. 1964ರಲ್ಲಿ ಸ್ಥಾಪಿತವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ದೊಡ್ಡ ಚಿತ್ರಗಳಿಗೆ ಮಾಡುತ್ತಿರುವ ಕೆಲಸವನ್ನು ಬಸದಿಯ ಶ್ರುತಭಂಡಾರ ತನ್ನ ಮಿತಿಯಲ್ಲಿ ಮನೆಯ ಚಿತ್ರಗಳಿಗೆ ಮಾಡಬಹುದು.

ಮೂಕ ಚಿತ್ರವೂ ಅದೇ ಉತ್ಸವದ ಟೇಪೂ ಬೇರೆ ಬೇರೆ ಮನೆಗಳಲ್ಲಿದ್ದರೆ ಅವುಗಳನ್ನು ಕೂಡಿಸುವುದು ಇಂದು ಅಸಾಧ್ಯವಲ್ಲ. ಜಾಗಟೆಯ ಮೇಲೆ ಕೋಲು ಬೀಳುವ ಚೌಕಟ್ಟನ್ನು ಗುರುತಿಸಿ, ಟೇಪಿನಲ್ಲಿ ಆ ಪೆಟ್ಟಿನ ನಾದವನ್ನು ಹುಡುಕಿ ಹೊಂದಿಸಿದರೆ ಉಳಿದುದು ತಾನಾಗಿ ಕೂಡಿಬರುತ್ತದೆ. ವೇಗದ ಸಣ್ಣ ವ್ಯತ್ಯಾಸಗಳನ್ನು ಗಣಕಯಂತ್ರ ತಿದ್ದುತ್ತದೆ. ಆದರೆ ಈ ಚಿತ್ರಕ್ಕೆ ಈ ಟೇಪೇ ಸೇರಿದುದು, ಈ ಕಂಠ ಇಂಥವರದು, ಈ ಧಾಟಿ ಇಂಥ ಊರಿನದು ಎಂದು ಹೇಳಬಲ್ಲವರು ಎಪ್ಪತ್ತು ಎಂಬತ್ತರ ವಯಸ್ಸಿನ ಹಿರಿಯರು ಮಾತ್ರ. 1981ರಲ್ಲಿ ಇಪ್ಪತ್ತೈದರ ತರುಣರಾಗಿದ್ದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಫಿಲ್ಮಿಗೆ ಕೆಲವು ವರ್ಷಗಳ ಅವಕಾಶ ಇನ್ನೂ ಇರಬಹುದು. ಈ ನೆನಪಿಗೆ ಅಷ್ಟು ಅವಕಾಶವಿಲ್ಲ. ಆದ್ದರಿಂದ ಹಿರಿಯರನ್ನು ಕೂರಿಸಿ, ಚಿತ್ರ ತೋರಿಸಿ, ಅವರು ಹೇಳುವ ಹೆಸರುಗಳನ್ನು ಬರೆದಿಡುವುದು ಯಂತ್ರದ ಕೆಲಸಕ್ಕಿಂತ ಮೊದಲು ಆಗಬೇಕಾದ ಕೆಲಸ.

ಇಂದಿನ ಪ್ರತಿಷ್ಠಾ ಮಹೋತ್ಸವಗಳಲ್ಲಿ ಪ್ರತಿಯೊಬ್ಬರ ಅಂಗೈಯಲ್ಲಿಯೂ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯುವ ಮೊಬೈಲ್ ಯಂತ್ರವಿದೆ. ಹದಿನೆಂಟು ಚೌಕಟ್ಟುಗಳ ಅಂತರ ಅದರಲ್ಲಿಲ್ಲ, ಮೂರು ನಿಮಿಷಗಳ ಮಿತಿಯಿಲ್ಲ. ಆದರೆ ಹೆಸರು, ದಿನ, ಸ್ಥಳಗಳನ್ನು ಬರೆದಿಡದಿದ್ದರೆ ಅದೂ ಕೆಲವೇ ವರ್ಷಗಳಲ್ಲಿ ಗುರುತಿಲ್ಲದ ಚಿತ್ರಗಳ ರಾಶಿಯಾಗುತ್ತದೆ. ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಧೂಳು ಕೊಡವಿ ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಪದ್ಧತಿ ಉಂಟು. ಆ ದಿನ ತಾಳೆಗರಿಯ ಪಕ್ಕದಲ್ಲಿ ಮನೆಯ ಫಿಲ್ಮಿನ ಡಬ್ಬಿಗೂ ಟೇಪಿನ ಸುರುಳಿಗೂ ಎಡೆ ದೊರೆತು, ಅದನ್ನು ಗುರುತಿಸಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತರೆ, ಬಾಗುವ ಕಲಶಕ್ಕೆ ಅದರ ಜಯಘೋಷ ಮರಳಿ ದೊರೆಯುವ ಮಾರ್ಗ ತೆರೆದೀತು.